ಕೊಲೆಗೆ ಸಿಗದವರು ಎರಡು ಡಾಲರ್ ನೋಟಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಮಾಫಿಯಾ ಎಂದರೆ 1920ರ ದಶಕದ ಪಾನನಿಷೇಧ, ಕಳ್ಳ ಮದ್ಯ, ಷಿಕಾಗೊ ಎಂದಷ್ಟೇ ತಿಳಿದಿದ್ದೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಸಿಸಿಲಿಯಿಂದ ಬಂದವರ ಒಂದು ಗುಂಪು ನ್ಯೂಯಾರ್ಕಿನಲ್ಲಿ ಖೋಟಾ ನೋಟಿನ ದಂಧೆ ನಡೆಸಿತ್ತು, ಕೊಲೆ ಕೇಸಿನಲ್ಲಿ ಬಚಾವಾಗಿ ನೋಟಿನ ಕೇಸಿನಲ್ಲಿ ಒಳಗೆ ಹೋಯಿತು ಎಂದು ಈಚೆಗೆ ಓದಿದೆ. ಇದು ನಿಜವೇ? ನೋಟು ಅಚ್ಚು ಹಾಕುವುದು ಆಗ ಅಷ್ಟು ಸಲೀಸಾಗಿತ್ತೇ? ಸಲೀಸಾಗಿದ್ದರೆ ಸಿಕ್ಕಿಬಿದ್ದದ್ದು ಹೇಗೆ?

ಉತ್ತರ: ನಿಜ. ಆ ಗುಂಪಿನ ಯಜಮಾನ ಜುಸೆಪ್ಪೆ ಮೊರೆಲ್ಲೊ, 1867ರಲ್ಲಿ ಸಿಸಿಲಿಯ ಕೊರ್ಲಿಯೋನೆಯಲ್ಲಿ ಹುಟ್ಟಿದವನು. ಹುಟ್ಟಿನಿಂದಲೇ ಬಲಗೈ ಊನ, ನೆಟ್ಟಗಿದ್ದದ್ದು ಒಂದೇ ಬೆರಳು. ನ್ಯೂಯಾರ್ಕಿನ ಪೊಲೀಸರು ಅವನನ್ನು ‘ಕ್ಲಚ್ ಹ್ಯಾಂಡ್’ ಎಂದೇ ಕರೆಯುತ್ತಿದ್ದರು. ಇಂದು ಜಿನೊವೀಸ್ ಕುಟುಂಬ ಎಂದು ಹೆಸರಾಗಿರುವ ನ್ಯೂಯಾರ್ಕಿನ ಮಾಫಿಯಾ ಗುಂಪಿನ ಬೇರು ಹುಡುಕುತ್ತ ಹೋದರೆ ಸಿಗುವುದು ಇವನ ಮನೆಯೇ.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಎರಡು ಬೇರೆ ಕೆಲಸಗಳು ಒಂದಾಗಿಬಿಟ್ಟಿವೆ. ನೋಟು ಚಲಾಯಿಸುವುದು ಸುಲಭವಿತ್ತು. ಅಚ್ಚು ಹಾಕುವುದು ಎಂದೂ ಸುಲಭವಿರಲಿಲ್ಲ. ಚಲಾಯಿಸಲು ಧೈರ್ಯ, ನಂಟರು, ನಾಲ್ಕು ಕಿರಾಣಿ ಅಂಗಡಿ ಇದ್ದರೆ ಸಾಕು. ಮೊರೆಲ್ಲೊಗೆ ಇವಕ್ಕೆ ಬರವಿರಲಿಲ್ಲ. ಅಚ್ಚು ಹಾಕಲು ಮಾತ್ರ ಕಸುಬು ಬಲ್ಲವನು ಬೇಕು. ಕಸುಬುದಾರ ನಿಮ್ಮ ಅಣ್ಣತಮ್ಮಂದಿರಲ್ಲಿ ಹುಟ್ಟಿರಬೇಕೆಂದೇನಿಲ್ಲ, ಅವನನ್ನು ಹೊರಗಿನಿಂದಲೇ ತರಬೇಕು. ಮೊರೆಲ್ಲೊ ಗುಂಪು ಮುಗ್ಗರಿಸಿದ್ದು ಅಲ್ಲಿ.

ಮೊದಲು ಆ ಕಾಲದ ಅಮೆರಿಕದ ದುಡ್ಡು ಹೇಗಿತ್ತು ನೋಡೋಣ. ಖೋಟಾ ನೋಟು ಸಿಸಿಲಿಯವರು ತಂದ ರೋಗವಲ್ಲ. 1860ರ ದಶಕದ ಅಂತರ್ಯುದ್ಧದವರೆಗೆ ಅಲ್ಲಿ ಸುಮಾರು 1,600 ಬ್ಯಾಂಕುಗಳು ತಮ್ಮ ತಮ್ಮ ನೋಟನ್ನು ತಾವೇ ಮುದ್ರಿಸುತ್ತಿದ್ದವು. ಅಸಲಿ ನೋಟಿನ ನಮೂನೆಗಳೇ 7,000ದಷ್ಟು, ಅವುಗಳ ನಡುವೆ ಓಡಾಡುತ್ತಿದ್ದ ನಕಲಿ ನಮೂನೆಗಳು 4,000ದಷ್ಟು. ಚಲಾವಣೆಯಲ್ಲಿದ್ದ ಹಣದಲ್ಲಿ ಮೂರನೇ ಒಂದು ಪಾಲು ಖೋಟಾ ಎಂಬ ಅಂದಾಜೂ ಇತ್ತು. ಇದನ್ನು ಹತ್ತಿಕ್ಕಲೆಂದೇ 1865ರ ಜುಲೈನಲ್ಲಿ ಖಜಾನೆ ಇಲಾಖೆಯ ಕೆಳಗೆ ‘ಸೀಕ್ರೆಟ್ ಸರ್ವಿಸ್’ ಶುರುವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅಧ್ಯಕ್ಷರ ಪಕ್ಕ ನಡೆಯುವವರ ಮೂಲ ಕೆಲಸ ನೋಟು ನೋಡುವುದು. ಅಧ್ಯಕ್ಷರ ಕಾವಲು ಅವರ ಕೆಲಸವಾದದ್ದು 1901ರಲ್ಲಿ ಮೆಕಿನ್ಲಿಯ ಹತ್ಯೆಯಾದ ಮೇಲೆ.

1863ರ ಬಳಿಕ ನೋಟುಗಳಿಗೆ ಒಂದೇ ವಿನ್ಯಾಸ ಬಂತು, ಆದರೆ ಒಂದು ಸಂದು ಉಳಿಯಿತು. ‘ನ್ಯಾಷನಲ್ ಬ್ಯಾಂಕ್ ನೋಟು’ ಎಂಬ ಬಗೆಯಲ್ಲಿ ಚಿತ್ರ ಒಂದೇ, ಹೊರಡಿಸಿದ ಊರಿನ ಬ್ಯಾಂಕಿನ ಹೆಸರು ಬೇರೆ ಬೇರೆ. ಕೆಳಗೆ ಆ ಬ್ಯಾಂಕಿನ ಅಧ್ಯಕ್ಷ ಮತ್ತು ಕ್ಯಾಷಿಯರ್ ಸಹಿ. ಇಂಥ ಬ್ಯಾಂಕುಗಳು ಸಾವಿರಾರು. ಬ್ರೂಕ್ಲಿನ್‌ನ ಸಿಗಾರ್ ಅಂಗಡಿಯವನಿಗೆ ನ್ಯೂಜೆರ್ಸಿಯ ಚಿಕ್ಕ ಊರಿನ ಕ್ಯಾಷಿಯರ್ ಹೇಗೆ ಸಹಿ ಮಾಡುತ್ತಾನೆ ಎಂದು ಗೊತ್ತಿರಲು ಹೇಗೆ ಸಾಧ್ಯ? ಕೆನಡಾದ 5 ಡಾಲರ್ ನೋಟಿನದೂ ಇದೇ ಪಾಡು. ಅದನ್ನೂ ಆಗ ಹೊರಡಿಸುತ್ತಿದ್ದದ್ದು ಅಲ್ಲಿನ ಖಾಸಗಿ ಬ್ಯಾಂಕುಗಳೇ. ನಕಲು ಮಾಡುವವರು ಆರಿಸಿಕೊಂಡದ್ದು ಇಂಥವನ್ನೇ.

ಇನ್ನು ಅಚ್ಚಿನ ವಿಷಯ. ಅಸಲಿ ನೋಟು ಅಚ್ಚಾಗುತ್ತಿದ್ದದ್ದು ಕೊರೆದ ಉಕ್ಕಿನ ಫಲಕದಿಂದ. ಗೆರೆ ಫಲಕದಲ್ಲಿ ತಗ್ಗಾಗಿರುತ್ತದೆ, ಮಸಿ ಆ ತಗ್ಗಿನಲ್ಲಿ ಕೂರುತ್ತದೆ, ಒದ್ದೆ ಮಾಡಿದ ಕಾಗದವನ್ನು ಭಾರಿ ಒತ್ತಡದಲ್ಲಿ ಒತ್ತಿದಾಗ ಕಾಗದವೇ ತಗ್ಗಿಗಿಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಹೊಸ ನೋಟಿನ ಮೇಲೆ ಬೆರಳಾಡಿಸಿದರೆ ಗೆರೆ ತರಿತರಿಯಾಗಿ ಸಿಗುತ್ತದೆ. ಖೋಟಾದವರ ಬಳಿ ಇದ್ದದ್ದು ಫೋಟೊ ತೆಗೆದು ಆಮ್ಲದಲ್ಲಿ ತಿನ್ನಿಸಿ ಮಾಡಿದ ಫಲಕ. ಹಳೆಯ ಕನ್ನಡ ಛಾಪಖಾನೆಗಳಲ್ಲಿ ‘ಬ್ಲಾಕ್ ಮಾಡಿಸೋದು’ ಎನ್ನುತ್ತಿದ್ದರಲ್ಲ, ಆ ಜಾತಿಯದು. ಅದರಲ್ಲಿ ಉಬ್ಬಿದ ಭಾಗಕ್ಕೆ ಮಸಿ, ಕಾಗದದ ಮೇಲೆ ಚಪ್ಪಟೆ ಅಚ್ಚು. ಕಣ್ಣಿಗೆ ಸರಿ ಕಂಡರೂ ಬೆರಳಿಗೆ ನುಣುಪು.

ಕೆಡುತ್ತಿದ್ದ ಜಾಗಗಳು ಹೆಚ್ಚುಕಡಿಮೆ ಗೊತ್ತಾದವೇ. ಮುಖಚಿತ್ರದ ಕೆನ್ನೆಯ ಮೇಲಿನ ಸಣ್ಣ ಚುಕ್ಕೆಗಳು ಆಮ್ಲದಲ್ಲಿ ಸವೆದು ಕಲೆಯಾಗುತ್ತವೆ. ಯಂತ್ರದಿಂದ ಬಿಡಿಸಿದ ಬಳ್ಳಿಯಂಥ ಸುರುಳಿ ಗೆರೆ ಅಲ್ಲಲ್ಲಿ ಕಡಿಯುತ್ತದೆ. ಮೊಹರು ಮತ್ತು ಕ್ರಮಸಂಖ್ಯೆಗೆ ಬೇರೆ ಬಣ್ಣ, ಅಂದರೆ ಅದೇ ಹಾಳೆ ಇನ್ನೊಮ್ಮೆ ಯಂತ್ರಕ್ಕೆ ಹೋಗಬೇಕು. ಎರಡನೇ ಸಲ ಕೂದಲೆಳೆಯಷ್ಟು ಜರುಗಿದರೂ ಮೊಹರು ಓರೆ. ಹಿಂಭಾಗದ ಹಸಿರಂತೂ ಕುತ್ತಿಗೆಗೆ ಬರುವ ಬಣ್ಣ. ಹಸಿಯಿದ್ದಾಗ ಒಂದು ಛಾಯೆ, ಒಣಗಿದ ಮೇಲೆ ಇನ್ನೊಂದು. ನಿನ್ನೆ ಕಲಸಿದ ಮಸಿಯೂ ಇಂದು ಕಲಸಿದ್ದೂ ಪಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ. ಇದೆಲ್ಲ ದಾಟಿದರೂ ಕಾಗದ ಉಳಿಯುತ್ತದೆ. ಸರ್ಕಾರಿ ಕಾಗದದೊಳಗೆ ಕೆಂಪು, ನೀಲಿ ರೇಷ್ಮೆಯ ತುಣುಕುಗಳು ಹುದುಗಿರುತ್ತಿದ್ದವು, ಆ ಕಾಗದವನ್ನು ಇಟ್ಟುಕೊಳ್ಳುವುದೇ ಅಪರಾಧ. ಖೋಟಾದವರು ಪೆನ್ನಿನಲ್ಲಿ ಕೆಂಪು ನೀಲಿ ಗೀರು ಎಳೆದು ತೃಪ್ತಿಪಟ್ಟುಕೊಳ್ಳುತ್ತಿದ್ದರು. ಸೂಜಿಯ ಮೊನೆಯಿಂದ ಎಬ್ಬಿ ನೋಡಿದರೆ ಅಸಲಿಯದರಲ್ಲಿ ಎಳೆ ಮೇಲೆ ಬರುತ್ತದೆ, ನಕಲಿಯದರಲ್ಲಿ ಮಸಿ.

ಇಷ್ಟೆಲ್ಲ ತಿಳಿದವನೊಬ್ಬ ಕೈಗೆ ಸಿಕ್ಕರೆ ಅವನ ಬೆಲೆ ಎಷ್ಟಿರಬಹುದು? ಇದಕ್ಕೆ ಸಿಸಿಲಿಯವರಿಗಿಂತ ಹಳೆಯ ಉದಾಹರಣೆಯೊಂದಿದೆ. 1876ರ ನವೆಂಬರ್ 7ರ ರಾತ್ರಿ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ನರ ಶವವನ್ನು ಸಮಾಧಿಯಿಂದಲೇ ಕದಿಯಲು ಷಿಕಾಗೊದ ಖೋಟಾ ನೋಟಿನ ಗುಂಪೊಂದು ಹೋಯಿತು. ಶವ ಒತ್ತೆಯಿಟ್ಟು 2,00,000 ಡಾಲರ್ ಕೇಳುವುದು, ಜೊತೆಗೆ ಜೈಲಿನಲ್ಲಿದ್ದ ಬೆಂಜಮಿನ್ ಬಾಯ್ಡ್ ಎಂಬವನನ್ನು ಬಿಡಿಸಿಕೊಳ್ಳುವುದು ಅವರ ಲೆಕ್ಕ. ಬಾಯ್ಡ್ ಅವರ ಫಲಕ ಕೊರೆಯುವವನು. ಅವನು ಒಳಗೆ ಹೋದ ಮೇಲೆ ಅವರ ಸರಕೇ ನಿಂತುಹೋಗಿತ್ತು. ಗುಂಪಿನೊಳಗೆ ಸೀಕ್ರೆಟ್ ಸರ್ವಿಸ್‌ನ ಮಾಹಿತಿದಾರ ಇದ್ದದ್ದರಿಂದ ಸಂಚು ಕೆಟ್ಟಿತು, ಅದು ಬೇರೆ ಮಾತು. ಒಬ್ಬ ಕಸುಬುದಾರನಿಗಾಗಿ ರಾಷ್ಟ್ರಾಧ್ಯಕ್ಷನ ಹೆಣಕ್ಕೆ ಕೈಹಾಕಿದರಲ್ಲ, ಈ ದಂಧೆಯಲ್ಲಿ ಯಾವುದು ದುರ್ಲಭ ಎಂಬುದಕ್ಕೆ ಅಷ್ಟು ಸಾಕು.

ಚಲಾವಣೆಯ ಸರಪಳಿ ನಮ್ಮ ಮಂಡಿ ವ್ಯಾಪಾರದ ಹಾಗೇ. ಅಚ್ಚು ಹಾಕಿಸುವವನು ಮುಖಬೆಲೆಯ ಒಂದು ಪಾಲಿಗೆ ಸಗಟು ಕೊಡುತ್ತಾನೆ, ಸಗಟಿನವನು ಸ್ವಲ್ಪ ಏರಿಸಿ ಊರೂರಿನ ದಲ್ಲಾಳಿಗೆ, ದಲ್ಲಾಳಿ ಇನ್ನಷ್ಟು ಏರಿಸಿ ಕೈಯಿಂದ ಕೈಗೆ ದಾಟಿಸುವವನಿಗೆ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: 5 ಡಾಲರಿನ ಖೋಟಾ ನೋಟು ಕೊನೆಯವನ ಕೈಗೆ 2 ಡಾಲರಿಗೆ ಬಂತು. ಅವನು 20 ಸೆಂಟಿನ ಸಾಮಾನು ಕೊಂಡರೆ 4 ಡಾಲರ್ 80 ಸೆಂಟು ಅಸಲಿ ಚಿಲ್ಲರೆ ವಾಪಸ್. ಗಿಟ್ಟಿದ್ದು 2 ಡಾಲರ್ 80 ಸೆಂಟು, ಜೊತೆಗೆ ಸಾಮಾನು. ಕೂಲಿಯವನ ದಿನದ ದುಡಿಮೆ ಒಂದೂವರೆ ಡಾಲರ್ ಇದ್ದ ಕಾಲ ಅದು. ಹಾಗಿದ್ದರೆ 50 ಡಾಲರ್ ನೋಟೇ ಯಾಕೆ ಬೇಡ? ಅಷ್ಟು ದೊಡ್ಡ ನೋಟನ್ನು ಯಾವ ಅಂಗಡಿಯವನೂ ದೀಪದ ಮುಂದೆ ಹಿಡಿಯದೆ ಗಲ್ಲಾಪೆಟ್ಟಿಗೆಗೆ ಹಾಕುವುದಿಲ್ಲ. ಎರಡು, ಐದರ ನೋಟಾದರೆ ಸಂಜೆಯ ನೂಕುನುಗ್ಗಲಲ್ಲಿ ಯಾರೂ ತಿರುಗಿಸಿ ನೋಡುವುದಿಲ್ಲ.

ದಾಟಿಸುವವನ ಜೇಬಿನಲ್ಲಿ ಒಂದಕ್ಕಿಂತ ಹೆಚ್ಚು ಖೋಟಾ ನೋಟು ಇರಬಾರದು ಎಂಬುದು ಹಳೆಯ ನಿಯಮ. ಕಟ್ಟು ಹಿಡಿದವನು ಬೀದಿಯ ಆಚೆ ಬದಿಯಲ್ಲಿ ನಿಂತಿರುತ್ತಿದ್ದ. ಒಂದೇ ನೋಟಿನೊಡನೆ ಸಿಕ್ಕಿದವನು ‘ಅಯ್ಯೋ, ನನಗೂ ಯಾರೋ ಕೊಟ್ಟರು, ಮೋಸ ಹೋದೆ’ ಎಂದರೆ ಕೋರ್ಟಿಗೆ ಅದು ಸುಳ್ಳೆಂದು ತೋರಿಸುವುದು ಕಷ್ಟ. ಗೊತ್ತಿದ್ದೂ ಕೊಟ್ಟ ಎಂಬುದನ್ನು ಸರ್ಕಾರವೇ ಸಾಬೀತು ಮಾಡಬೇಕು. ಹತ್ತು ನೋಟಿನೊಡನೆ ಸಿಕ್ಕವನಿಗೆ ಆ ಮಾತು ನಡೆಯದು.

ಮೊರೆಲ್ಲೊಗೆ ಈ ಕೆಲಸ ಹೊಸದಲ್ಲ. ಅವನು ಅಮೆರಿಕ ಸೇರಿದ್ದು 1892ರ ಸುಮಾರಿಗೆ. ಖೋಟಾ ನೋಟಿನ ಕೇಸಿನಲ್ಲಿ ಇಟಲಿಯ ನ್ಯಾಯಾಲಯ 1894ರಲ್ಲಿ ಅವನ ಗೈರುಹಾಜರಿಯಲ್ಲೇ ಜೈಲುಶಿಕ್ಷೆ ವಿಧಿಸಿತ್ತು. ಲೂಸಿಯಾನದ ಕಬ್ಬಿನ ಗದ್ದೆ, ಟೆಕ್ಸಸ್‌ನ ಹತ್ತಿಯ ಹೊಲ ಎಂದು ಕುಟುಂಬದೊಡನೆ ಅಲೆದು, ಮಲೇರಿಯಾಕ್ಕೆ ಹಣ್ಣಾಗಿ, ಅವನು ಮತ್ತೆ ನ್ಯೂಯಾರ್ಕಿಗೆ ಬಂದ. 1900ರ ಜೂನ್‌ನಲ್ಲಿ 5 ಡಾಲರಿನ ಒರಟು ನಕಲಿ ನೋಟಿನ ಪ್ರಕರಣದಲ್ಲಿ ಮೊದಲ ಸಲ ಬಂಧನವಾಯಿತು. ನೋಟು ದಾಟಿಸಲು ಐರಿಷ್ ಹುಡುಗರನ್ನು ಹಿಡಿದಿದ್ದರು, ಅವರು ಬೇಗ ಬಾಯಿಬಿಟ್ಟರು. ಜೊತೆಗಾರ ಕಲೊಜೆರೊ ಮಜ್ಜೋರೆ ಜೈಲಿಗೆ ಹೋದ, ಮೊರೆಲ್ಲೊ ಹೊರಗೆ ಬಂದ. ಆಮೇಲೆ ಅವನು ಹತ್ತಿರ ಬಿಟ್ಟುಕೊಂಡದ್ದು ಸಿಸಿಲಿಯವರನ್ನು, ಅದರಲ್ಲೂ ಕೊರ್ಲಿಯೋನೆಯವರನ್ನು, ಸಾಧ್ಯವಾದರೆ ನೆಂಟರನ್ನು. ಮಲತಂದೆಯ ಮಕ್ಕಳಾದ ತೆರ್ರನೋವಾ ತಮ್ಮಂದಿರು ಮೂವರು ಅವನ ಜೊತೆ ನಿಂತರು. ಪಲೆರ್ಮೊದಲ್ಲಿ ಒಬ್ಬನನ್ನು ಕೊಂದು 1898ರಲ್ಲಿ ಓಡಿಬಂದಿದ್ದ ಇಗ್ನಾಜಿಯೊ ಲುಪೊ 1903ರಲ್ಲಿ ಮನೆಯ ಅಳಿಯನಾದ. ಲುಪೊ ಎಂದರೆ ತೋಳ. ಮಾಟ್ ಸ್ಟ್ರೀಟಿನಲ್ಲಿ ಅವನ ದೊಡ್ಡ ಕಿರಾಣಿ ಅಂಗಡಿ: ಆಲಿವ್ ಎಣ್ಣೆ, ಗಿಣ್ಣು, ನಿಂಬೆ ಎಲ್ಲ ಇಟಲಿಯಿಂದ ಹಡಗಿನಲ್ಲಿ ಬರುತ್ತಿತ್ತು.

ಆ ಆಮದಿನ ದಾರಿಯೇ ಕಸುಬುದಾರನ ಸಮಸ್ಯೆಗೆ ಉತ್ತರವಾಯಿತು. ನೋಟು ಅಮೆರಿಕದಲ್ಲಿ ಅಚ್ಚು ಹಾಕುವುದೇ ಬೇಡ. ಇಟಲಿಯಲ್ಲೇ ಹಾಕಿಸಿ ಎಣ್ಣೆ ಡಬ್ಬದಲ್ಲಿ ತರಿಸಿದರಾಯಿತು. ನ್ಯೂಜೆರ್ಸಿಯ ಮಾರಿಸ್‌ಟೌನ್‌ನ ನ್ಯಾಷನಲ್ ಐರನ್ ಬ್ಯಾಂಕಿನ ಹೆಸರಿನ 5 ಡಾಲರ್ ನೋಟುಗಳು ಬಂದದ್ದು ಹೀಗೆ. ಫಲಕ, ಯಂತ್ರ, ಅಚ್ಚಿನವನು ಮೂರೂ ಸಾಗರದ ಆಚೆ. ನನ್ನ ಲೆಕ್ಕದಲ್ಲಿ ಆ ಗುಂಪು ಮಾಡಿದ ಅತಿ ಜಾಣ ಏರ್ಪಾಡು ಇದು. ಆದರೂ 1903 ಹುಟ್ಟುವ ಹೊತ್ತಿಗೆ ಯಾಂಕರ್ಸ್ ಪಟ್ಟಣದಲ್ಲಿ ನೋಟು ದಾಟಿಸುತ್ತಿದ್ದ ಕೆಲವರು ಸಿಕ್ಕಿಬಿದ್ದರು. ಅವರಲ್ಲಿ ಜುಸೆಪ್ಪೆ ದಿ ಪ್ರಿಯೆಮೊ ಎಂಬವನು ಸಿಂಗ್ ಸಿಂಗ್ ಜೈಲು ಸೇರಿದ. ಸೀಕ್ರೆಟ್ ಸರ್ವಿಸ್‌ನ ನ್ಯೂಯಾರ್ಕ್ ಕಚೇರಿಯ ಮುಖ್ಯಸ್ಥ ವಿಲಿಯಂ ಫ್ಲಿನ್ ಗುಂಪಿನ ಬೆನ್ನ ಹಿಂದೆ ಮಫ್ತಿಯವರನ್ನು ಬಿಟ್ಟ.

ಇಲ್ಲಿಗೆ ಬರುತ್ತದೆ ನೀವು ಓದಿರುವ ಕೊಲೆ. 1903ರ ಏಪ್ರಿಲ್ 13ರ ಸಂಜೆ ಸ್ಟಾಂಟನ್ ಸ್ಟ್ರೀಟಿನ ಮಾಂಸದಂಗಡಿಯನ್ನು ಕಾಯುತ್ತಿದ್ದ ಫ್ಲಿನ್‌ನ ಜನ, ಮೊರೆಲ್ಲೊ ಕಡೆಯವರ ಜೊತೆ ಅಪರಿಚಿತನೊಬ್ಬನನ್ನು ಕಂಡು ಬರೆದುಕೊಂಡರು. ಮರುದಿನ ಬೆಳಿಗ್ಗೆ ಈಸ್ಟ್ 11ನೇ ಬೀದಿಯಲ್ಲಿ ಒಂದು ಮರದ ಪೀಪಾಯಿ ನಿಂತಿತ್ತು. ಮೇಲೆ ಮುಚ್ಚಿದ ಕೋಟು. ಒಳಗೆ ಮಡಿಸಿ ತುರುಕಿದ ಹೆಣ, ಕತ್ತು ಕುಯ್ದಿತ್ತು. ಹೆಣ ಆ ಅಪರಿಚಿತನದೇ.

ಪೀಪಾಯಿಯ ತಳದಲ್ಲಿ ಮರದ ಹೊಟ್ಟು, ಈರುಳ್ಳಿ ಸಿಪ್ಪೆ, ಸೇದಿ ಎಸೆದ ಸಿಗಾರಿನ ತುಂಡುಗಳಿದ್ದವು. ಹೊಟ್ಟು ಎಂದರೆ ಅಂಗಡಿ, ಹೋಟೆಲಿನ ನೆಲಕ್ಕೆ ಉಗುಳು ಹೀರಲಿ ಎಂದು ಹರಡುತ್ತಿದ್ದದ್ದು. ಹಲಗೆಯ ಸಂದಿನಲ್ಲಿ ಸಕ್ಕರೆಯ ಹರಳು, ಹೊರಗೆ ಸಗಟು ವ್ಯಾಪಾರಿಯ ಗುರುತಿನ ಅಕ್ಷರ ಮತ್ತು ಅಂಕೆ. ಆ ಗುರುತು ಹಿಡಿದು ಸಕ್ಕರೆ ಕಳಿಸಿದವರನ್ನು, ಅವರ ಪುಸ್ತಕ ಹಿಡಿದು ಕೊಂಡವನನ್ನು ಹುಡುಕುತ್ತ ಹೋದ ಪೊಲೀಸರು ಬಂದು ನಿಂತದ್ದು ಎಲಿಜಬೆತ್ ಸ್ಟ್ರೀಟಿನ ಪಿಯೆತ್ರೊ ಇಂಜೆರಿಲ್ಲೊನ ಕಾಫಿ ಅಂಗಡಿಗೆ. ಅಲ್ಲಿ ಅದೇ ಗುರುತಿನ ಇನ್ನೊಂದು ಪೀಪಾಯಿ, ನೆಲದ ಮೇಲೆ ಅಂಥದೇ ಹೊಟ್ಟು. ಅದು ಗುಂಪು ಕೂರುವ ಜಾಗ. ಸತ್ತವನ ಹೆಸರು ತಿಳಿದದ್ದು ನ್ಯೂಯಾರ್ಕ್ ಪೊಲೀಸರ ಇಟಾಲಿಯನ್ ಮೂಲದ ಪತ್ತೇದಾರ ಜೋಸೆಫ್ ಪೆಟ್ರೊಸಿನೊ ಹೆಣದ ಫೋಟೊ ಹಿಡಿದು ಸಿಂಗ್ ಸಿಂಗ್‌ಗೆ ಹೋದಾಗ: ಬಫಲೊ ನಗರದ ಬೆನೆದೆತ್ತೊ ಮದೋನಿಯ, ಜೈಲಿನಲ್ಲಿದ್ದ ದಿ ಪ್ರಿಯೆಮೊನ ಅಕ್ಕತಂಗಿಯರಲ್ಲಿ ಒಬ್ಬಳ ಗಂಡ. ಗುಂಪಿನ ತೊಮ್ಮಾಸೊ ಪೆತ್ತೊ ಎಂಬವನ ಜೇಬಿನಲ್ಲಿ ಗಿರವಿ ಅಂಗಡಿಯ ಚೀಟಿ ಸಿಕ್ಕಿತು. ಅಡವಿಟ್ಟದ್ದು ಮದೋನಿಯನ ಗಡಿಯಾರ, ಪಡೆದದ್ದು ಒಂದೇ ಡಾಲರ್.

ಇಷ್ಟಿದ್ದೂ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಪೀಪಾಯಿ ಯಾರದೆಂದು ಗೊತ್ತು, ಗಡಿಯಾರ ಯಾರದೆಂದು ಗೊತ್ತು. ಚೂರಿ ಹಿಡಿದವನು ಯಾರು ಎಂದು ಹೇಳಲು ಮನುಷ್ಯರು ಬೇಕಿತ್ತು, ವಿಚಾರಣೆಯಲ್ಲಿ ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಇದಕ್ಕೆ ‘ಸಿಸಿಲಿಯವರ ಮೌನದ ಸಂಪ್ರದಾಯ’ ಎಂದು ಹೆಸರು ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. ಅಂಥ ದೊಡ್ಡ ಹೆಸರು ಬೇಕೇ? ಸಾಕ್ಷಿ ಹೇಳಿ ಅದೇ ಬೀದಿಗೆ ಮಲಗಲು ಹೋಗಬೇಕಾದವನು ಯಾವ ನಾಡಿನವನಾದರೂ ಸುಮ್ಮನಿರುತ್ತಾನೆ. ಮೇಲಾಗಿ ಪೊಲೀಸರಲ್ಲಿ ಅವರ ಭಾಷೆ ಬಲ್ಲವರು ಬೆರಳೆಣಿಕೆಯಷ್ಟು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಹೊತ್ತ ಇಟಾಲಿಯನ್ನರನ್ನು ನ್ಯಾಯಾಲಯ ಶಿಕ್ಷಿಸಲಿಲ್ಲವೆಂದು ಜನರ ಗುಂಪು ಜೈಲಿಗೆ ನುಗ್ಗಿ 11 ಮಂದಿಯನ್ನು ಕೊಂದಿತ್ತು. ಆ ನೆನಪಿದ್ದವರು ಸರ್ಕಾರ ತಮ್ಮನ್ನು ಕಾಯುತ್ತದೆ ಎಂದು ನಂಬುವುದಾದರೂ ಹೇಗೆ?

ಪಕ್ಕದ ಮಾತೊಂದು. ಅದೇ 1903ರಿಂದ ಪತ್ರಿಕೆಗಳಲ್ಲಿ ‘ಬ್ಲ್ಯಾಕ್ ಹ್ಯಾಂಡ್’ ಎಂಬ ಹೆಸರು ಮೆರೆಯತೊಡಗಿತು. ಹಾಗೆಂಬ ಸಂಘಟನೆ ಇರಲಿಲ್ಲ, ಇದ್ದದ್ದು ಒಂದು ವಿಧಾನ: ಕಪ್ಪು ಕೈಯ ಚಿತ್ರ ಬರೆದು ‘ಇಂತಿಷ್ಟು ಕೊಡು, ಇಲ್ಲದಿದ್ದರೆ ಅಂಗಡಿಗೆ ಡೈನಮೈಟ್’ ಎಂದು ಕಾಗದ ಹಾಕುವುದು. ಯಾರು ಬೇಕಾದರೂ ಹಾಕಬಹುದಿತ್ತು, ಹಾಕಿದರು. ಮೊರೆಲ್ಲೊ ಕಡೆಯವರೂ ಬೆದರಿಸಿ ಕಿತ್ತವರೇ, ಆದರೆ ಬ್ಲ್ಯಾಕ್ ಹ್ಯಾಂಡ್ ಎಂದರೆ ಮೊರೆಲ್ಲೊ ಗುಂಪು ಎಂದು ಬರೆದದ್ದನ್ನು ನಂಬಬೇಡಿ. ಲುಪೊ ಅರವತ್ತು ಕೊಲೆ ಮಾಡಿದ್ದ ಎಂಬ ಲೆಕ್ಕಕ್ಕೂ ಗಟ್ಟಿ ಆಧಾರವಿಲ್ಲ.

ಇನ್ನು ಅವರು ಸಿಕ್ಕಿದ ಕಥೆ. 1902ರಲ್ಲಿ ಮೊರೆಲ್ಲೊ ‘ಇಗ್ನಾಟ್ಜ್ ಫ್ಲೋರಿಯೊ ಕೋ-ಆಪರೇಟಿವ್’ ಎಂಬ ಸಹಕಾರಿ ಸಂಘ ಹುಟ್ಟಿಸಿದ್ದ. ಊರಿನವರಿಗೆ ಷೇರು ಮಾರುವುದು, ಆ ಹಣ ಮತ್ತು ಸಾಲದಲ್ಲಿ ಬ್ರಾಂಕ್ಸ್‌ನಲ್ಲಿ ಬಾಡಿಗೆ ಮನೆಗಳನ್ನು ಕಟ್ಟುವುದು. ಕೆಲ ವರ್ಷ ಚೆನ್ನಾಗಿಯೇ ನಡೆಯಿತು. 1907ರ ಅಕ್ಟೋಬರಿನಲ್ಲಿ ಬ್ಯಾಂಕುಗಳು ಕುಸಿದಾಗ ಸಾಲ ಕೊಡುವವರಿಲ್ಲ, ಮನೆ ಕೊಳ್ಳುವವರಿಲ್ಲ. 1908ರ ಕೊನೆಗೆ ಲುಪೊನ ಅಂಗಡಿಯೂ ದಿವಾಳಿಯಾಗಿ ಅವನು ಸಾಲ ಕೊಟ್ಟವರಿಗೆ ಕೈಕೊಟ್ಟು ಮಾಯವಾದ. ತುರ್ತಾಗಿ ದುಡ್ಡು ಬೇಕಿತ್ತು, ರಾಶಿ ದುಡ್ಡು ಬೇಕಿತ್ತು. ಇಟಲಿಯಿಂದ ಡಬ್ಬ ಬರುವವರೆಗೆ ಕಾಯುವ ತಾಳ್ಮೆ ಉಳಿದಿರಲಿಲ್ಲ. ಅಮೆರಿಕದಲ್ಲೇ ಅಚ್ಚು ಹಾಕಲು ಹೊರಟರು.

ಜಾಗವನ್ನೇನೋ ಚೆನ್ನಾಗಿ ಆರಿಸಿದ್ದರು. ನ್ಯೂಯಾರ್ಕಿನಿಂದ ಉತ್ತರಕ್ಕೆ ಹಡ್ಸನ್ ನದಿಗುಂಟ ಸುಮಾರು 120 ಕಿ.ಮೀ. ದೂರದ ಹೈಲ್ಯಾಂಡ್, ಮರಗಳ ಮರೆಯ ಒಂಟಿ ಮನೆ. ಗುಂಪಿನ ಸಾಲ್ವತೋರೆ ಚೀನ ಅಲ್ಲೇ ಬೇಸಾಯಗಾರನಾಗಿ ನೆಲೆಸಿದ್ದರಿಂದ ಇಟಾಲಿಯನ್ನರು ಬಂದು ಹೋದರೆ ಯಾರೂ ಕೇಳುವಂತಿರಲಿಲ್ಲ. ತೊಡಕು ಜನರದು. ಕೊರ್ಲಿಯೋನೆಯ ನೆಂಟರಲ್ಲಿ ಕುಯ್ಯುವವರಿದ್ದರು, ಮಾರುವವರಿದ್ದರು, ಅಚ್ಚಿನ ಕೆಲಸ ಬಲ್ಲವರಿರಲಿಲ್ಲ. 1908ರ ನವೆಂಬರಿನಲ್ಲಿ ಅಂತೋನಿಯೊ ಚೆಕಾಲ ಎಂಬವನು ಅಂತೋನಿಯೊ ಕೊಮಿತೊನನ್ನು ಹುಡುಕಿ ತಂದ. ಕೊಮಿತೊ ಕಲಾಬ್ರಿಯದವನು, ಅಂದರೆ ಸಿಸಿಲಿಯವನೇ ಅಲ್ಲ, ಕೆಲಸವಿಲ್ಲದೆ ಅಲೆಯುತ್ತಿದ್ದ ಸಾಮಾನ್ಯ ಮುದ್ರಕ. ಫಿಲಡೆಲ್ಫಿಯಾದ ಛಾಪಖಾನೆಯಲ್ಲಿ ನೌಕರಿ ಎಂದು ಹೇಳಿ ದೋಣಿ ಹತ್ತಿಸಿದರು, ಇಳಿದದ್ದು ಹೈಲ್ಯಾಂಡಿನಲ್ಲಿ. ತಾನು ಏನು ಮುದ್ರಿಸಬೇಕು ಎಂದು ಅವನಿಗೆ ತಿಳಿಯುವ ಹೊತ್ತಿಗೆ ಹಿಂದಿರುಗುವ ದಾರಿ ಇರಲಿಲ್ಲ. ಕೈಗೆ ಸಿಕ್ಕ ಕೂಲಿಯೂ ಪುಡಿಗಾಸು.

ಅವನ ಕೈಗಿತ್ತದ್ದು ಎರಡು ಕೆಲಸ: ಕೆನಡಾದ 5 ಡಾಲರ್, ಅಮೆರಿಕದ 2 ಡಾಲರ್. ಜಾಹೀರಾತು, ಆಹ್ವಾನಪತ್ರಿಕೆ ಅಚ್ಚು ಹಾಕುತ್ತಿದ್ದವನಿಗೆ ನೋಟಿನ ಹಸಿರು ಹತ್ತುವ ಮಾತೇ? ಮೇಲೆ ಹೇಳಿದ ಎಲ್ಲ ತೊಡಕೂ ಎದುರಾಯಿತು, ಹಾಳೆಗಟ್ಟಲೆ ಕೆಟ್ಟಿತು. ಕೊನೆಗೆ ಜುಸೆಪ್ಪೆ ಕಲಿಕ್ಕಿಯೊ ಎಂಬ ಕೆತ್ತನೆ ಬಲ್ಲ ಹಿರಿಯ ಮುದ್ರಕನನ್ನು ಕರೆಸಬೇಕಾಯಿತು. ಅವನೂ ಸಿಸಿಲಿಯವನಲ್ಲ, ಇಟಲಿಯ ಮುಖ್ಯಭೂಮಿಯವನು. ಬಣ್ಣ ಹದಕ್ಕೆ ಬಂತು, ನೋಟು ಹೊರಬಿತ್ತು. ಗುಟ್ಟು ಮಾತ್ರ ರಕ್ತಸಂಬಂಧವಿಲ್ಲದ ಇಬ್ಬರ ತಲೆಯೊಳಗೆ ಸೇರಿಕೊಂಡಿತು.

1909ರ ಉದ್ದಕ್ಕೂ ಈ ನೋಟುಗಳು ಬೇರೆ ಬೇರೆ ನಗರಗಳಲ್ಲಿ ತಲೆಯೆತ್ತಿದವು. ಫ್ಲಿನ್ ಹಿಡಿದ ದಾರಿ ಕೊನೆಯಿಂದ ಮೊದಲಿಗೆ. ಖೋಟಾ ನೋಟಿಗೆ ಒಂದು ಗುಣ ಇದೆ: ಒಂದೇ ಫಲಕದಿಂದ ಬಂದ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಇರುತ್ತದೆ. ಹೀಗಾಗಿ ಎರಡು ಊರಲ್ಲಿ ಸಿಕ್ಕ ನೋಟು ಒಂದೇ ಮನೆಯದು ಎಂದು ಹೇಳಲು ಯಾವ ಸಾಕ್ಷಿದಾರನೂ ಬೇಕಿಲ್ಲ. ದಾಟಿಸಿದವನನ್ನು ಕೂಡಲೇ ಹಿಡಿಯದೆ ಅವನು ಯಾರಿಂದ ಕೊಂಡ ಎಂದು ಬೆನ್ನು ಹತ್ತುವುದು, ಆ ದಲ್ಲಾಳಿಯ ಬಳಿಗೆ ತಮ್ಮವನನ್ನೇ ಗಿರಾಕಿಯಾಗಿ ಕಳಿಸುವುದು, ಹೀಗೆ ಒಂದೊಂದೇ ಮೆಟ್ಟಿಲು. 1909ರ ನವೆಂಬರ್ 15ರಂದು ಈಸ್ಟ್ 107ನೇ ಬೀದಿಯ ಮನೆಯಲ್ಲಿ ಮೊರೆಲ್ಲೊ ಸೆರೆ ಸಿಕ್ಕ. 1910ರ ಜನವರಿ ಮೊದಲ ವಾರ ಕೊಮಿತೊ ಸಿಕ್ಕ, ಅದಾಗಿ ನಾಲ್ಕೇ ದಿನಕ್ಕೆ ಬ್ರೂಕ್ಲಿನ್‌ನ ಬಾತ್ ಬೀಚ್‌ನಲ್ಲಿ ಲುಪೊ.

ಸಿಕ್ಕ ಮೇಲೆ ಕೊಮಿತೊ ಎಲ್ಲವನ್ನೂ ಹೇಳಿದ. ದೋಣಿ, ಮನೆ, ಯಂತ್ರ, ಮಸಿ, ಯಾರು ಬಂದರು, ಯಾರು ಬೈದರು, ಊನಗೈಯ ಯಜಮಾನನನ್ನು ತಾನು ಎಲ್ಲಿ ಕಂಡೆ, ಒಂದನ್ನೂ ಬಿಡಲಿಲ್ಲ. ಅವನಿಗೆ ಕಾಪಾಡಬೇಕಾದ ಊರಿನ ಮಾನವಿರಲಿಲ್ಲ, ಕೊರ್ಲಿಯೋನೆಯಲ್ಲಿ ಒತ್ತೆಯಾಗಿ ಉಳಿದ ತಾಯಿ ತಮ್ಮಂದಿರಿರಲಿಲ್ಲ. ನ್ಯಾಯಾಧೀಶ ಜಾರ್ಜ್ ರೇ ಮುಂದೆ ಜನವರಿ ಕೊನೆಗೆ ಶುರುವಾದ ವಿಚಾರಣೆಯಲ್ಲಿ ಅವನೇ ಮಾಫಿ ಸಾಕ್ಷಿ. 1910ರ ಫೆಬ್ರವರಿ 19ರಂದು ಎಂಟು ಮಂದಿಗೂ ಶಿಕ್ಷೆಯಾಯಿತು: ಲುಪೊಗೆ 30 ವರ್ಷ, ಮೊರೆಲ್ಲೊಗೆ 25, ಕಲಿಕ್ಕಿಯೊಗೆ 17, ಚೆಕಾಲ ಮತ್ತು ಚೀನ ಇಬ್ಬರಿಗೂ 15. ಖೋಟಾ ನೋಟಿನ ಒಂದು ಆರೋಪಕ್ಕೆ ಕಾನೂನಿನ ಮಿತಿ 15 ವರ್ಷ. ಯಜಮಾನರಿಬ್ಬರಿಗೂ ಬೇರೆ ಬೇರೆ ಆರೋಪಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ನೋಟಿನ ಕೇಸಿಗೆ ಅಷ್ಟು ದೀರ್ಘ ಶಿಕ್ಷೆ ಅಪರೂಪ, ಸಾಬೀತಾಗದ ಕೊಲೆಗಳ ಬಡ್ಡಿಯನ್ನೂ ಅದರಲ್ಲೇ ವಸೂಲು ಮಾಡಿದರು ಎನಿಸುತ್ತದೆ.

ಕೊಲೆ ಕೇಸಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅಮೆರಿಕದಲ್ಲಿ ಕೊಲೆ ಆಯಾ ರಾಜ್ಯದ ವ್ಯವಹಾರ: ಊರಿನ ಪೊಲೀಸು, ಊರಿನ ಸಾಕ್ಷಿ, ಊರಿನ ರಾಜಕಾರಣಿಯ ಫೋನು. ನೋಟು ಕೇಂದ್ರ ಸರ್ಕಾರದ್ದು. ಇಲ್ಲಿ ಫಿರ್ಯಾದಿ ಖಜಾನೆ, ಅದನ್ನು ಹೆದರಿಸಿ ಸುಮ್ಮನಾಗಿಸಲು ಬಾರದು. ಅಪರಾಧಿಗಳನ್ನು ಗಡಿಪಾರು ಮಾಡುವ ಇನ್ನೊಂದು ದಾರಿಯೂ ಇತ್ತು. ಇಟಲಿಯಲ್ಲಿ ಶಿಕ್ಷೆಯಾಗಿದ್ದವರನ್ನು ಬಂದ ಮೂರು ವರ್ಷದೊಳಗೆ ಹಿಂದೆ ಕಳಿಸಲು 1907ರ ಕಾನೂನು ಅವಕಾಶ ಕೊಟ್ಟಿತ್ತು. ಆ ದಾಖಲೆ ತರಲೆಂದೇ ಪೆಟ್ರೊಸಿನೊ ಸಿಸಿಲಿಗೆ ಹೋದದ್ದು. 1909ರ ಮಾರ್ಚ್ 12ರ ರಾತ್ರಿ ಪಲೆರ್ಮೊದ ಪಿಯಾಜ್ಜಾ ಮರೀನದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ಕೊಲೆಗೂ ಯಾರಿಗೂ ಶಿಕ್ಷೆಯಾಗಲಿಲ್ಲ.

ಪಾನನಿಷೇಧದ ಬಗ್ಗೆ ನೀವು ತಿಳಿದದ್ದು ತಪ್ಪಲ್ಲ, ನಡುವಿನ ಅಧ್ಯಾಯ ಬಿಟ್ಟುಹೋಗಿತ್ತು ಅಷ್ಟೆ. ಯಜಮಾನರು ಅಟ್ಲಾಂಟಾ ಜೈಲಿನಲ್ಲಿದ್ದಾಗ ತೆರ್ರನೋವಾ ಸೋದರರು ಮನೆ ನಡೆಸಿದರು. ಅವರಲ್ಲಿ ನಿಕೊಲೊನನ್ನು 1916ರಲ್ಲಿ ಬ್ರೂಕ್ಲಿನ್‌ನ ನೇಪಲ್ಸ್ ಮೂಲದ ಗುಂಪು ಕೊಂದಿತು. ಮೊರೆಲ್ಲೊ, ಲುಪೊ ಇಬ್ಬರೂ ಹೊರಬಂದದ್ದು 1920ರಲ್ಲಿ, ಪಾನನಿಷೇಧ ಜಾರಿಗೆ ಬಂದ ವರ್ಷವೇ. ಮದ್ಯಕ್ಕೆ ಫಲಕ ಬೇಡ, ರೇಷ್ಮೆ ಎಳೆ ಬೇಡ, ಕೆಟ್ಟ ಮದ್ಯವೂ ಖರ್ಚಾಗುತ್ತದೆ. ಗುಂಪುಗಳು ಅತ್ತ ಹರಿದದ್ದರಲ್ಲಿ ಆಶ್ಚರ್ಯವಿಲ್ಲ. ಮೊರೆಲ್ಲೊ ಮತ್ತೆ ದೊಡ್ಡ ಯಜಮಾನನಾಗಲಿಲ್ಲ, ಹೊಸಬರ ಸಲಹೆಗಾರನಾಗಿದ್ದ. 1930ರ ಆಗಸ್ಟ್ 15ರಂದು ಈಸ್ಟ್ 116ನೇ ಬೀದಿಯ ಕಚೇರಿಯಲ್ಲಿ ಗುಂಡಿಗೆ ಬಲಿಯಾದ. ಲುಪೊನನ್ನು ಮಾತ್ರ ಆ ಎರಡು ಡಾಲರ್ ನೋಟು ಬಿಡಲಿಲ್ಲ. ಅವನ ಬಿಡುಗಡೆಗೆ ಷರತ್ತಿತ್ತು. ಬ್ರೂಕ್ಲಿನ್‌ನಲ್ಲಿ ಮತ್ತೆ ಬೆದರಿಕೆಯ ವಸೂಲಿಗಿಳಿದನೆಂದು 1936ರಲ್ಲಿ ಸರ್ಕಾರ ಆ ಷರತ್ತನ್ನು ಎತ್ತಿಹಿಡಿದು, ಹೊಸ ವಿಚಾರಣೆಯನ್ನೇ ನಡೆಸದೆ, 1910ರ ಹಳೆಯ ಶಿಕ್ಷೆಯ ಬಾಕಿ ತೀರಿಸಲು ಅವನನ್ನು ಅಟ್ಲಾಂಟಾಕ್ಕೆ ವಾಪಸ್ ಕಳಿಸಿತು. ಹತ್ತು ವರ್ಷ ಒಳಗಿದ್ದು 1946ರ ಡಿಸೆಂಬರಿನಲ್ಲಿ ಹೊರಬಂದವನು ಮರು ತಿಂಗಳೇ ತೀರಿಕೊಂಡ.